ಆರು ತಿಂಗಳು ಬೀಗ ಹಾಕುವ ಮನೆಗೆ ವೈರ್‌ಲೆಸ್ ಅಲಾರಾಂ: ಬಳಸಿ ಬಲ್ಲವರ ಅನುಭವಗಳು

ಸಲಹೆ ಕೇಳಿದವರು, ಕುವೆಂಪುನಗರ, ಮೈಸೂರು

ಈ ಸಲ ದಸರಾ ಮುಗಿದ ಮೇಲೆ ನಮ್ಮ ತಂದೆತಾಯಿ ಅಮೆರಿಕದಲ್ಲಿರುವ ನನ್ನ ತಮ್ಮನ ಮನೆಗೆ ಆರು ತಿಂಗಳ ಮಟ್ಟಿಗೆ ಹೊರಟಿದ್ದಾರೆ. ನಾನು ಬೆಂಗಳೂರಿನಲ್ಲಿರುವುದರಿಂದ ಕುವೆಂಪುನಗರದ ಮನೆಗೆ ಆಗೊಮ್ಮೆ ಈಗೊಮ್ಮೆ ಬಂದುಹೋಗಬಲ್ಲೆನೇ ಹೊರತು ದಿನವೂ ನೋಡಿಕೊಳ್ಳಲಾರೆ. ಮುಂದೆ ಗ್ರಿಲ್ ಹಾಕಿದ ಸಿಟ್‌ಔಟ್ ಮತ್ತು ತೇಗದ ಬಾಗಿಲು, ಹಿತ್ತಲಿಗೆ ಕಬ್ಬಿಣದ ಬಾಗಿಲು, ಮೆಟ್ಟಿಲ ಮೇಲೆ ತಾರಸಿಯ ಬಾಗಿಲು ಇವೆ. ಗೋಡೆ ಕೊರೆದು ತಂತಿ ಎಳೆಯುವುದು ತಂದೆಯವರಿಗೆ ಇಷ್ಟವಿಲ್ಲ. ಆದ್ದರಿಂದ ವೈರ್‌ಲೆಸ್ ಸೆಟ್ ತಂದು ನಾನೇ ಕೂರಿಸಬೇಕೆಂದಿದ್ದೇನೆ. ಎಂಥದ್ದನ್ನು ಕೊಳ್ಳಬೇಕು, ಸೆನ್ಸರ್‌ಗಳನ್ನು ಎಲ್ಲಿ ಹಾಕಬೇಕು, ಪ್ರೋಗ್ರಾಂ ಮಾಡುವಾಗ ಯಾವುದನ್ನು ಮರೆಯಬಾರದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ದೂರಸಂಪರ್ಕ ಎಂಜಿನಿಯರ್, ಸರಸ್ವತಿಪುರಂ

ಕೊಳ್ಳುವ ಮೊದಲು ಅಂಗಡಿಯವರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಸೆನ್ಸರ್‌ನ ಬ್ಯಾಟರಿ ಮುಗಿದರೆ ಅಥವಾ ಯಾರಾದರೂ ಅದನ್ನು ಕಿತ್ತುಹಾಕಿದರೆ, ಸಂಕೇತ ಪಡೆದು ಸೈರನ್ ಕೂಗಿಸುವ ಮುಖ್ಯ ಪೆಟ್ಟಿಗೆಯಾದ ಪ್ಯಾನೆಲ್‌ಗೆ ತಿಳಿಯುತ್ತದೆಯೇ? 433 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಅಗ್ಗದ ಸೆಟ್‌ಗಳಲ್ಲಿ ಸಂಕೇತವು ಸೆನ್ಸರ್‌ನಿಂದ ಪ್ಯಾನೆಲ್‌ನತ್ತ ಮಾತ್ರ ಹೋಗುತ್ತದೆ, ಅದೂ ಸಾಮಾನ್ಯವಾಗಿ ಬಾಗಿಲು ತೆರೆದಾಗ ಅಥವಾ ಚಲನೆ ಕಂಡಾಗ. ಹೀಗಾಗಿ ವಾರಗಟ್ಟಲೆ ಸದ್ದಿಲ್ಲದಿದ್ದರೆ ಮನೆ ಕ್ಷೇಮವಾಗಿದೆಯೋ ಸೆನ್ಸರೇ ಸತ್ತಿದೆಯೋ ಎಂಬ ವ್ಯತ್ಯಾಸ ಪ್ಯಾನೆಲ್‌ಗೆ ಗೊತ್ತಾಗದು. ದ್ವಿಮುಖ ಸಂಪರ್ಕವಿರುವ ಒಳ್ಳೆಯ ಸೆಟ್‌ಗಳಲ್ಲಿ ಪ್ರತಿಯೊಂದು ಸೆನ್ಸರ್ ನಿಗದಿತ ಅವಧಿಗೊಮ್ಮೆ ಹಾಜರಿ ಹಾಕುತ್ತದೆ; ಹಾಜರಿ ತಪ್ಪಿದರೆ ನಿಮ್ಮ ಫೋನಿಗೆ ಸೂಚನೆ ಬರುತ್ತದೆ. ಮನೆಯಲ್ಲಿ ಸದಾ ಜನರಿರುವವರಿಗೆ ಅಗ್ಗದ್ದೂ ನಡೆದೀತು. ಆರು ತಿಂಗಳು ಬೀಗ ಹಾಕುವವರು ಸ್ವಲ್ಪ ಹೆಚ್ಚು ಬೆಲೆ ಕೊಟ್ಟಾದರೂ ಎರಡನೆಯದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ತಮ್ಮನಿಂದ ಅಮೆರಿಕದ ಸೆಟ್ ತರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅಲ್ಲಿನ ಅನೇಕ ಉಪಕರಣಗಳು ಬಳಸುವ 902ರಿಂದ 928 ಮೆಗಾಹರ್ಟ್ಸ್‌ನ ಪಟ್ಟಿಯನ್ನು ಇಲ್ಲಿ ಪರವಾನಗಿಯಿಲ್ಲದೆ ಬಳಸುವಂತಿಲ್ಲ. ಅದರ ಒಂದು ಭಾಗದಲ್ಲಿ ನಮ್ಮ ಮೊಬೈಲ್ ಜಾಲಗಳಿವೆ. ನಮ್ಮಲ್ಲಿ ಇಂಥ ಉಪಕರಣಗಳಿಗೆ ಮುಕ್ತವಾಗಿರುವುದು 865 ಮೆಗಾಹರ್ಟ್ಸ್‌ನ ಆಸುಪಾಸು ಮತ್ತು 2.4 ಗಿಗಾಹರ್ಟ್ಸ್ ಮುಂತಾದವು.

ಸಂಕೇತದ ಕಳವಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಒಳಗೆ ಸಣ್ಣ ಜಂಪರ್ ಪಿನ್‌ಗಳಿರುವ ಹಳೆಯ ಮಾದರಿಯ ಸೆನ್ಸರ್‌ಗಳಲ್ಲಿ ಪಿಟಿ2262 ಎಂಬ ಚಿಪ್ ಇರುತ್ತದೆ. ಎಂಟು ಪಿನ್‌ಗಳಿಗೆ ತಲಾ ಮೂರು ಸ್ಥಿತಿಗಳಂತೆ ಅದರಲ್ಲಿ ಸಾಧ್ಯವಿರುವ ವಿಳಾಸಗಳು 6,561 ಮಾತ್ರ. ಆಮೇಲೆ ಬಂದ ಇವಿ1527ರಲ್ಲಿ ಇಪ್ಪತ್ತು ಬಿಟ್‌ನ, ಅಂದರೆ ಹತ್ತು ಲಕ್ಷಕ್ಕೂ ಮಿಕ್ಕಿದ ಸಂಖ್ಯೆಗಳಿವೆ. ಆದರೆ ಎರಡರಲ್ಲೂ ಸಂಕೇತ ಬದಲಾಗುವುದಿಲ್ಲವಾದ್ದರಿಂದ, ರಿಮೋಟ್ ಒತ್ತಿದಾಗ ಹೊರಡುವ ಅಲೆಯನ್ನು ಹಿಡಿದಿಟ್ಟುಕೊಂಡವರು ಅದನ್ನೇ ಮತ್ತೆ ಬಿಟ್ಟು ಅಲಾರಾಂ ಆರಿಸಬಹುದು. ಪ್ರತಿ ಒತ್ತಿಗೂ ಕೋಡ್ ಬದಲಾಗುವ ರಿಮೋಟ್‌ಗಳಲ್ಲಿ ಈ ಭಯ ಬಹಳ ಕಡಿಮೆ. ನಿಜ ಹೇಳಬೇಕೆಂದರೆ ಹಾರೆ ಹಿಡಿದು ಕಾಂಪೌಂಡ್ ಹಾರುವವನು ಇಂಥ ಉಪಕರಣವನ್ನು ಹೊತ್ತು ಬರುವುದು ಅಪರೂಪ. ಆದರೂ ಮನೆಯವರು ಹೊರಡುವ ದಿನ ರಿಮೋಟ್‌ಗಳನ್ನು ಪ್ಯಾನೆಲ್‌ನ ನೆನಪಿನಿಂದ ಅಳಿಸಿ, ಕೀಪ್ಯಾಡ್ ಮತ್ತು ಫೋನ್ ಮಾತ್ರ ಉಳಿಸಿಕೊಂಡರೆ ಆ ಚಿಂತೆಯೂ ಇರುವುದಿಲ್ಲ.

ಇದೆಲ್ಲಕ್ಕಿಂತ ಹೆಚ್ಚಾಗಿ ವ್ಯವಸ್ಥೆಯನ್ನು ಕೆಡಿಸುವುದು ನಮ್ಮವರ ಒಂದು ಒಳ್ಳೆಯ ಅಭ್ಯಾಸ: ಊರಿಗೆ ಹೊರಡುವಾಗ ಮೇನ್ ಸ್ವಿಚ್ ಇಳಿಸಿ, ಇನ್ವರ್ಟರ್ ಆರಿಸಿ ಹೋಗುವುದು. ಪ್ಯಾನೆಲ್‌ನ ಒಳಗಿನ ಬ್ಯಾಟರಿ ಕೆಲವು ಗಂಟೆಗಳು, ಹೆಚ್ಚೆಂದರೆ ಒಂದೆರಡು ದಿನ ತಡೆದೀತು; ಅಷ್ಟರ ಮೇಲೆ ಗೋಡೆಯಲ್ಲಿ ಉಳಿಯುವುದು ಪ್ಲಾಸ್ಟಿಕ್ ಡಬ್ಬಿ ಮಾತ್ರ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಪ್ಯಾನೆಲ್ ಮತ್ತು ರೌಟರ್ ಎರಡಕ್ಕೇ ಪ್ರತ್ಯೇಕ ಎಂಸಿಬಿ (ಬೋರ್ಡಿನಲ್ಲಿ ಆ ಸಾಲಿಗೆ ಮಾತ್ರ ಸೇರಿದ ಸ್ವಯಂಚಾಲಿತ ಸ್ವಿಚ್) ಹಾಕಿಸಿ, ಉಳಿದೆಲ್ಲವನ್ನೂ ಆರಿಸಿ ಹೋಗುವಂತೆ ಏರ್ಪಾಡು ಮಾಡಿಕೊಳ್ಳಿ. ಡಿಸ್ಟಿಲ್ಡ್ ವಾಟರ್ ನೋಡಿ ತುಂಬುವವರಿಲ್ಲದ ಮನೆಯಲ್ಲಿ ದೊಡ್ಡ ಇನ್ವರ್ಟರ್ ಬ್ಯಾಟರಿಯನ್ನು ಆರು ತಿಂಗಳು ನಂಬುವುದಕ್ಕಿಂತ ರೌಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ಇಡುವುದು ವಾಸಿ.

ವೈಫೈ ಒಂದನ್ನೇ ನೆಚ್ಚಬೇಡಿ, ಸಿಮ್ ಕೂಡ ಇರುವ ಪ್ಯಾನೆಲ್ ಕೊಳ್ಳಿ. ಅಗ್ಗದ ಪ್ಯಾನೆಲ್‌ಗಳು 2ಜಿ ಜಾಲದಲ್ಲಿ ಮಾತ್ರ ಕೆಲಸ ಮಾಡುತ್ತವೆ; ಜಿಯೋ ಜಾಲದಲ್ಲಿ 2ಜಿ ಇಲ್ಲದಿರುವುದರಿಂದ ಆ ಸಿಮ್ ಅವುಗಳಲ್ಲಿ ನಡೆಯುವುದಿಲ್ಲ. 4ಜಿ ಪ್ಯಾನೆಲ್ ಸಿಕ್ಕರೆ ಅದೇ ಒಳ್ಳೆಯದು. ಸಿಮ್‌ನ ಪಿನ್ ಬೀಗವನ್ನು ಫೋನಿನಲ್ಲಿ ತೆಗೆದು ನಂತರ ಹಾಕಿ, ಮತ್ತು ರೀಚಾರ್ಜ್ ಅವಧಿ ತಂದೆಯವರು ಮರಳುವ ದಿನವನ್ನು ದಾಟುವಂತೆ ನೋಡಿಕೊಳ್ಳಿ. ವೈಫೈ ಭಾಗ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ಗೆ ಮಾತ್ರ ಸೇರುತ್ತದೆ. ರೌಟರ್‌ನಲ್ಲಿ ಅದು ಚಾಲೂ ಇರಬೇಕು.

ಅಲಾರಾಂ ಅಳವಡಿಸುವ ವೃತ್ತಿಯವರು, ವಿಜಯನಗರ

ಮೇಲಿನ ಹಿರಿಯರು ಹೇಳಿದ್ದಕ್ಕೆ ಕೈಕೆಲಸದ ಭಾಗವನ್ನು ಸೇರಿಸುತ್ತೇನೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವ ಮೊದಲು ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿಸಿ. ಪ್ಯಾನೆಲ್ ಅನ್ನು ಕಲಿಕೆಯ ಸ್ಥಿತಿಗೆ ತಂದು ಒಂದೊಂದೇ ಸೆನ್ಸರ್ ಅನ್ನು ಕೆಲಸ ಮಾಡಿಸಿದರೆ ಅದು ಬೀಪ್ ಕೊಟ್ಟು ನೆನಪಿಟ್ಟುಕೊಳ್ಳುತ್ತದೆ. ಕೂಡಲೇ ಆ ಸೆನ್ಸರ್‌ನ ಬೆನ್ನಿಗೆ ಝೋನ್ ಸಂಖ್ಯೆ (ಪ್ಯಾನೆಲ್ ಆ ಸೆನ್ಸರ್‌ಗೆ ಕೊಟ್ಟ ಕ್ರಮಸಂಖ್ಯೆ) ಮತ್ತು ಜಾಗದ ಹೆಸರು ಬರೆದ ಚೀಟಿ ಅಂಟಿಸಿ.

ಬಾಗಿಲಿನ ಸೆನ್ಸರ್ ಅಂದರೆ ಚೌಕಟ್ಟಿನಲ್ಲಿ ಒಂದು ರೀಡ್ ಸ್ವಿಚ್ (ಅಯಸ್ಕಾಂತ ದೂರವಾದರೆ ಸ್ಥಿತಿ ಬದಲಿಸುವ ಸ್ವಿಚ್), ಬಾಗಿಲಿನಲ್ಲಿ ಒಂದು ಅಯಸ್ಕಾಂತ. ಎರಡರ ನಡುವಿನ ಅಂತರ ಒಂದು ಸೆಂಟಿಮೀಟರ್ ಮೀರದಂತಿರಲಿ. ತೇಗವಾದರೂ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಆ ಅಂತರದ ಅಂಚಿನಲ್ಲಿ ಕೂರಿಸಿದ ಸೆನ್ಸರ್ ಫೆಬ್ರುವರಿಯ ಹೊತ್ತಿಗೆ ಸುಮ್ಮಸುಮ್ಮನೆ ಕೂಗತೊಡಗಬಹುದು. ಹಿತ್ತಲ ಕಬ್ಬಿಣದ ಬಾಗಿಲು ಅಯಸ್ಕಾಂತದ ಬಲವನ್ನೂ ರೇಡಿಯೊ ಅಲೆಯನ್ನೂ ನುಂಗುತ್ತದೆ. ಅಲ್ಲಿ ಎರಡೂ ತುಂಡುಗಳ ಕೆಳಗೆ ಮರದ ಅಥವಾ ಪ್ಲಾಸ್ಟಿಕ್‌ನ ದಪ್ಪ ಪಟ್ಟಿ ಕೊಟ್ಟು ಎತ್ತರಿಸಿ, ಸ್ಕ್ರೂ ಹಾಕಿ. ಎರಡು ಮುಖದ ಅಂಟಿನ ಟೇಪನ್ನು ಬಿಸಿಲು ಬೀಳುವ ಜಾಗದಲ್ಲಿ ನಾನು ಬಳಸುವುದಿಲ್ಲ.

ಚಲನೆಯ ಸೆನ್ಸರ್ ಹೆಚ್ಚು ಯೋಚನೆ ಬೇಡುತ್ತದೆ. ಅದು ದೇಹದ ಶಾಖ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸರಿಯುವುದನ್ನು ಗುರುತಿಸುತ್ತದೆ. ಆದ್ದರಿಂದ ನೇರವಾಗಿ ಅದರತ್ತ ಬರುವವರಿಗಿಂತ ಅದರ ಮುಂದೆ ಅಡ್ಡ ಹಾಯುವವರು ಬೇಗ ಸಿಕ್ಕಿಬೀಳುತ್ತಾರೆ. ಹಾಲ್‌ನ ಮೂಲೆಯಲ್ಲಿ, ಏಳರಿಂದ ಎಂಟು ಅಡಿ ಎತ್ತರದಲ್ಲಿ, ಮಲಗುವ ಕೋಣೆಗಳಿಗೆ ಹೋಗುವ ದಾರಿ ಅಡ್ಡಲಾಗಿ ಕಾಣುವಂತೆ ಕೂರಿಸಿ. ಪಡುವಣ ಕಿಟಕಿಯ ಬಿಸಿಲು ನೇರವಾಗಿ ಬೀಳಬಾರದು, ಅಲ್ಲಾಡುವ ಪರದೆ ಎದುರಿಗಿರಬಾರದು. ಸಿಟ್‌ಔಟ್‌ನಲ್ಲಿ ಒಳಾಂಗಣದ ಸೆನ್ಸರ್ ಹಾಕಿದರೆ ಬೆಕ್ಕು, ಗಾಳಿ, ಬಿಸಿಲು ಎಲ್ಲವೂ ಕಳ್ಳರೇ ಆಗುತ್ತವೆ. ನಮ್ಮೂರಿನಲ್ಲಿ ಸುಳ್ಳು ಅಲಾರಾಂಗೆ ನಾನು ಕಂಡ ಮುಖ್ಯ ಕಾರಣ ಹಲ್ಲಿ: ಸೆನ್ಸರ್‌ನ ಕಣ್ಣಿನ ಮೇಲೆಯೇ ಅದು ಹರಿದಾಡಿದರೆ ಸಾಕುಪ್ರಾಣಿಗಳನ್ನು ಲೆಕ್ಕಿಸದ ದುಬಾರಿ ಮಾದರಿಯೂ ಮೋಸಹೋಗಬಹುದು. ಹಿಂಬದಿಯ ತೂತುಗಳನ್ನು ಸಿಲಿಕೋನ್‌ನಿಂದ ಮುಚ್ಚಿ, ಟ್ಯೂಬ್‌ಲೈಟ್‌ನಿಂದ ದೂರವಿಡಿ. ಹುಳುವಿದ್ದಲ್ಲಿಗೆ ಹಲ್ಲಿ ಬಂದೇ ಬರುತ್ತದೆ.

ಪ್ರೋಗ್ರಾಂ ಮಾಡುವಾಗ ಮೊದಲು ಕಾರ್ಖಾನೆಯಿಂದ ಬಂದ 1234ರಂಥ ಕೋಡ್‌ಗಳನ್ನು ಬದಲಾಯಿಸಿ. ಬಳಸುವವರ ಕೋಡ್ ಬದಲಾಯಿಸಿ ಅಳವಡಿಸುವವರ ಕೋಡ್ ಹಾಗೇ ಬಿಡುವವರೇ ಹೆಚ್ಚು. ಮುಂಬಾಗಿಲಿಗೆ ಮಾತ್ರ ಮೂವತ್ತು ಸೆಕೆಂಡಿನಷ್ಟು ಪ್ರವೇಶದ ಬಿಡುವು ಕೊಡಿ. ಹಿತ್ತಲು ಮತ್ತು ತಾರಸಿಯ ಬಾಗಿಲು ತೆರೆದ ಕ್ಷಣವೇ ಕೂಗಬೇಕು. ಹಾಲ್‌ನ ಸೆನ್ಸರ್ ಅನ್ನು, ಮುಂಬಾಗಿಲು ಮೊದಲು ತೆರೆದಿದ್ದರೆ ಕಾಯುವಂತೆ, ಇಲ್ಲದಿದ್ದರೆ ತಕ್ಷಣ ಕೂಗುವಂತೆ ಹೊಂದಿಸಬಹುದು. ಆ ಬಿಡುವಿನಲ್ಲಿ ಬೀಪ್ ಕೇಳಿಯೇ ಪ್ಯಾನೆಲ್ ಹುಡುಕಿ ಒಡೆಯುವವರಿದ್ದಾರೆ. ಆದ್ದರಿಂದ ಬಾಗಿಲ ಬಳಿ ಕೀಪ್ಯಾಡ್ ಇರಲಿ, ಪ್ಯಾನೆಲ್ ಒಳಕೋಣೆಯಲ್ಲಿರಲಿ, ಆದರೆ ಉಕ್ಕಿನ ಬೀರುವಿನ ಹಿಂದೆ ಬೇಡ. ಗಿಡಗಳಿಗೆ ನೀರು ಹಾಕಲು ಬರುವವರಿಗೆ ಬೇರೆಯದೇ ಕೋಡ್ ಕೊಟ್ಟರೆ ಅವರು ಬಂದುಹೋದ ಹೊತ್ತು ದಾಖಲಾಗುತ್ತದೆ. ಸೈರನ್ ಮೂರರಿಂದ ಐದು ನಿಮಿಷ ಸಾಕು. ತಂದೆತಾಯಿ ಮರಳಿದ ಮೇಲೆ ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಕೂಗದಂತೆ, ಬಾಗಿಲುಗಳು ಮಾತ್ರ ಎಚ್ಚರವಿರುವ ಒಳಗಿನ ಮೋಡ್ ಅನ್ನೂ ಈಗಲೇ ಹೊಂದಿಸಿಡಿ.

ಪರೀಕ್ಷಿಸುವಾಗ ಒಂದನ್ನು ತಿಳಿದಿರಿ. ಬ್ಯಾಟರಿ ಉಳಿಸಲು ಬಹಳಷ್ಟು ವೈರ್‌ಲೆಸ್ ಚಲನೆ ಸೆನ್ಸರ್‌ಗಳು ಒಮ್ಮೆ ಸಂಕೇತ ಕಳಿಸಿದ ಮೇಲೆ ಕೆಲವು ನಿಮಿಷ ನಿದ್ರಿಸುತ್ತವೆ. ಕೆಟ್ಟಿದೆಯೆಂದು ಬಿಚ್ಚಬೇಡಿ, ಪರೀಕ್ಷಾ ಸ್ಥಿತಿಗೆ ತಂದು ನಡೆದು ನೋಡಿ. ಕೊನೆಗೆ ಪ್ಯಾನೆಲ್‌ನ ಎಂಸಿಬಿ ಇಳಿಸಿ, ರೌಟರ್‌ನ ತಂತಿ ಕಿತ್ತು, ಹಿತ್ತಲ ಬಾಗಿಲು ತೆರೆಯಿರಿ. ಆಗಲೂ ಫೋನ್ ಮೊಳಗಿದರೆ ಅದು ನಂಬಬಹುದಾದ ಅಲಾರಾಂ.

ಮಂಡ್ಯ, ಅಶೋಕನಗರದಿಂದ

ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ಗ್ರಿಲ್‌ಗೆ ಕಂಪನದ ಸೆನ್ಸರ್ ಹಾಕಬೇಕೆನ್ನುವವರಿಗೆ ಒಂದು ಎಚ್ಚರಿಕೆ: ಕಬ್ಬಿನ ಲಾರಿಗಳು ಓಡಾಡುವ ಕಾಲದಲ್ಲಿ ರಸ್ತೆಬದಿಯ ಗ್ರಿಲ್ ತಾನಾಗಿಯೇ ನಡುಗುತ್ತದೆ, ದೀಪಾವಳಿಯ ಪಟಾಕಿಗಂತೂ ಹೇಳುವುದೇ ಬೇಡ. ಸೂಕ್ಷ್ಮತೆ ತಗ್ಗಿಸುತ್ತಾ ಹೋದರೆ ಕೊನೆಗೆ ಹಾರೆಗೂ ಅದು ಏಳುವುದಿಲ್ಲ, ನಾವು ತೆಗೆದುಹಾಕಿದ್ದೇವೆ. ರೋಲಿಂಗ್ ಶಟರ್‌ಗೆ ಮನೆಬಾಗಿಲಿನ ಪುಟ್ಟ ಅಯಸ್ಕಾಂತ ಸಾಲದು. ಹೆಚ್ಚು ಅಂತರ ತಡೆಯುವ ಲೋಹದ ಕವಚದ ಮಾದರಿ ಪ್ರತ್ಯೇಕವಾಗಿ ಸಿಗುತ್ತದೆ.

ಸಲಹೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಲ್ಲಿ ನಡುರಾತ್ರಿಯಾದಾಗ ತಮ್ಮನಿಗೆ ಹಗಲಿರುವುದರಿಂದ ಮೊದಲ ಸೂಚನೆ ಅವನಿಗೇ ಹೋಗುವಂತೆ ಮಾಡಬಹುದೇ ಎಂದು ಯೋಚಿಸುತ್ತಿದ್ದೇನೆ.

ಬೀಗದಕೈ ಇಟ್ಟುಕೊಂಡಿರುವ ನೆರೆಯವರು, ಜಯಲಕ್ಷ್ಮೀಪುರಂ

ಪಕ್ಕದ ಮನೆಯವರು ಹೀಗೆಯೇ ವಿದೇಶಕ್ಕೆ ಹೋದಾಗಲೆಲ್ಲ ಅವರ ಅಲಾರಾಂ ಕರೆ ನನಗೆ ಬರುತ್ತದೆ. ಆ ಕರೆ ಸ್ವೀಕರಿಸುವವಳಾಗಿ ಹೇಳುತ್ತೇನೆ. ತಮ್ಮನವರಿಗೆ ಆ್ಯಪ್‌ನ ಮೂಲಕ ಸೂಚನೆ ಹೋಗಲಿ, ಅವರು ಎಚ್ಚರವಿರುವುದು ನಿಜಕ್ಕೂ ಅನುಕೂಲ. ಆದರೆ ಪ್ಯಾನೆಲ್‌ನ ಸಿಮ್‌ಗೆ ಐಎಸ್‌ಡಿ ಸೌಲಭ್ಯವಿಲ್ಲದಿದ್ದರೆ ಅದರಿಂದ ಅಮೆರಿಕಕ್ಕೆ ಕರೆ ಹೋಗದು. ಕರೆಯ ಪಟ್ಟಿಯಲ್ಲಿ ನೆರೆಯವರು ಮೊದಲು, ನೀವು ನಂತರ ಇರಬೇಕು. ಪೊಲೀಸರ ಸಂಖ್ಯೆಯನ್ನು ಪ್ಯಾನೆಲ್‌ಗೆ ತುಂಬಿಸಬೇಡಿ, ಹಲ್ಲಿಯ ದೂರನ್ನು ಅವರು ಎಷ್ಟು ಸಲ ಕೇಳಿಯಾರು? ಮನುಷ್ಯರು ನೋಡಿ ಖಚಿತಪಡಿಸಿಕೊಂಡು 112ಕ್ಕೆ ಕರೆ ಮಾಡುವುದೇ ಸರಿ. ಅಮೆರಿಕದಿಂದ 112 ಒತ್ತಿದರೆ ಮೈಸೂರಿಗೆ ತಲುಪುವುದಿಲ್ಲವಾದ್ದರಿಂದ, ನಿಮ್ಮ ಠಾಣೆಯ ಸ್ಥಿರ ದೂರವಾಣಿಯನ್ನು 91 ಮತ್ತು 821 ಸೇರಿಸಿ ತಮ್ಮನವರ ಫೋನಿನಲ್ಲಿ ಬರೆಸಿಡಿ. ಹೊರಡುವ ಮುನ್ನ ಠಾಣೆಗೂ ಒಂದು ಪತ್ರ ಕೊಟ್ಟು ಬನ್ನಿ.

ಝೋನ್ 4 ಎಂಬ ಸಂದೇಶ ಬಂದರೆ ನಿದ್ದೆಗಣ್ಣಿನಲ್ಲಿ ನನಗೇನೂ ತಿಳಿಯುವುದಿಲ್ಲ. ಹಿತ್ತಲ ಬಾಗಿಲು, ತಾರಸಿ ಎಂದು ಹೆಸರಿಡಿ. ಕನ್ನಡ ಅಕ್ಷರಗಳನ್ನು ಕೆಲವು ಪ್ಯಾನೆಲ್‌ಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಳಿಸುತ್ತವೆ, ಆಗ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಾಗುತ್ತದೆ. ಪ್ಯಾನೆಲ್‌ನ ಸಂಖ್ಯೆ ಫೋನ್ ಮೌನದಲ್ಲಿದ್ದರೂ ಮೊಳಗುವಂತೆ ನೀವೇ ಹೊಂದಿಸಿಕೊಡಿ. ಒಳಗೆ ಹೋಗಿ ನೋಡಿ ಎಂದು ಮಾತ್ರ ಯಾರನ್ನೂ ಕೇಳಬೇಡಿ. ನಾನು ನಮ್ಮ ತಾರಸಿಯಿಂದ ದೀಪ ಹಾಕಿ ನೋಡುತ್ತೇನೆ, ಅನುಮಾನ ಬಂದರೆ ಬೀದಿಯವರನ್ನು ಎಬ್ಬಿಸುತ್ತೇನೆ. ಸೈರನ್ ನಿಲ್ಲಿಸುವ ಕೋಡನ್ನು ಎರಡು ಮನೆಯವರಿಗಾದರೂ ಹೇಳಿರಿ, ಏಕೆಂದರೆ ಮದುವೆ ಮುಂಜಿ ಎಂದು ನಾವೂ ಊರಿಗೆ ಹೋಗುತ್ತಿರುತ್ತೇವೆ.