ಎರಡು ಕೋಟ್ ನಡುವೆ ಉಜ್ಜಬೇಕಾ? ಸಣ್ಣ ಕಡೆತದ ಕೆಲಸ ಮಾಡುವವರ ಅನುಭವ

ಪ್ರಶ್ನೆ: ಮನೆಯಲ್ಲೇ ಸಣ್ಣ ಲೇತ್ (ಮರ ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ತೇಗದ ಕುಂಕುಮ ಭರಣಿ, ಬುಗುರಿ ಮಾಡುತ್ತಿದ್ದೇನೆ. ಪಿಯು (ಪಾಲಿಯುರೆಥೇನ್) ಪಾಲಿಶ್ ಮೂರು ಕೋಟ್ ಹಚ್ಚಿದರೂ ಕೈಗೆ ತರಿತರಿ. ಪ್ರತಿ ಕೋಟ್ ಆದ ಮೇಲೂ ಉಜ್ಜಬೇಕಾ? ಉಜ್ಜಿದರೆ ಅಂಚಿನಲ್ಲಿ ಮರ ಕಾಣುತ್ತದೆ. ನೀವೆಲ್ಲ ಹೇಗೆ ಮಾಡುತ್ತೀರಿ?

— ಏನು ಹಚ್ಚುತ್ತೀರಿ ಅನ್ನೋದರ ಮೇಲಿದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಆದರೆ ಹೊಸ ಕೋಟ್ ಹಳೆಯದನ್ನು ಸ್ವಲ್ಪ ಕರಗಿಸಿಕೊಂಡೇ ಕೂರುತ್ತದೆ. ಧೂಳಿನ ಕಾಳು ಕೂತಿದ್ದರೆ ಮಾತ್ರ ಉಜ್ಜಿ. ಪಿಯು ಹಾಗಲ್ಲ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ಮೇಲಿನ ಕೋಟ್ ಹಿಡಿದುಕೊಳ್ಳಲು ಸಣ್ಣ ಗೀರು ಬೇಕು. 320 ಅಥವಾ 400 ನಂಬರ್ ಪೇಪರ್ (ಉಪ್ಪುಕಾಗದ) ಸಾಕು. ಹೊಳಪು ಹೋಗಿ ಮಂಕಾದರೆ ಅಲ್ಲಿಗೆ ನಿಲ್ಲಿಸಿ. ಉಜ್ಜಿದಾಗ ಒಣ ಬಿಳಿ ಪುಡಿ ಉದುರಬೇಕು. ಪೇಪರ್‌ಗೆ ಉಂಡೆ ಉಂಡೆಯಾಗಿ ಮೆತ್ತಿಕೊಂಡರೆ ಇನ್ನೂ ಒಣಗಿಲ್ಲ ಅಂತಲೇ ಅರ್ಥ. ತೇಗದಲ್ಲಿ ಎಣ್ಣೆ ಜಾಸ್ತಿ, ಒಣಗಲು ಸತಾಯಿಸುತ್ತದೆ. ಮೊದಲ ಕೋಟ್‌ಗೆ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಂತೂ ಡಬ್ಬಿಯ ಮೇಲೆ ಬರೆದ ಹೊತ್ತನ್ನು ನಾನು ನಂಬುವುದೇ ಇಲ್ಲ.

— ಲೇತ್ ಓಡಿಸುತ್ತಾ ಉಜ್ಜುತ್ತಿದ್ದೀರಿ, ಅಲ್ವಾ? ನನ್ನದೂ ಅದೇ ಕಥೆ. ತಂಗಿಯ ಮದುವೆಗೆ ಅಂತ ಕಡೆದ ಭರಣಿಯ ಮುಚ್ಚಳದಲ್ಲಿ ಮೂರು ಉಂಗುರ ಇದ್ದವು. ಸ್ಪೀಡ್‌ನಲ್ಲಿ ಪೇಪರ್ ಮುಟ್ಟಿಸಿದೆ, ಅಷ್ಟೇ. ಮೂರೂ ಉಂಗುರದ ನೆತ್ತಿಯಲ್ಲಿ ಬಿಳಿಚಿದ ಗೆರೆ. ನಡುವಿನ ತಗ್ಗಿಗೆ ಪೇಪರ್ ತಾಗಿರಲೇ ಇಲ್ಲ! ಈಗ ಲೇತ್ ನಿಲ್ಲಿಸಿ, ಎಡಗೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ, ಸವೆದ ಪೇಪರನ್ನು ಬೆರಳಗಲ ಮಡಚಿ ಮರದ ಎಳೆಯ ಉದ್ದಕ್ಕೇ ಉಜ್ಜುತ್ತೇನೆ. ಅಂಚು ಬರುವಾಗ ಬೆರಳು ಎತ್ತಿಬಿಡುತ್ತೇನೆ. ಮೊದಲ ಕೋಟ್ ಆದ ಮೇಲೆ ಎಳೆ ಎದ್ದು ನಿಲ್ಲುತ್ತದೆ, ನೀರಿನ ಪಿಯು ಆದರೆ ಇನ್ನೂ ಜಾಸ್ತಿ. ತರಿತರಿ ಅಲ್ಲಿಂದಲೇ ಬರುವುದು. ಹಾಗಾಗಿ ಅಲ್ಲಿ ಉಜ್ಜಿ. ಆದರೆ ಆ ಕೋಟ್ ತೆಳು, ಉಜ್ಜುವುದು ಸುಮ್ನೆ ಸವರಿದ ಹಾಗಿರಲಿ.

— ಉಜ್ಜಲು ಸ್ಟೀಲ್ ವುಲ್ (ಸಣ್ಣ ಉಕ್ಕಿನ ಎಳೆಗಳ ಉಂಡೆ) ಬೇಡ. ನೀರಿನ ಪಾಲಿಶ್ ಕೆಳಗೆ ಅದರ ಚೂರು ಉಳಿದರೆ ತುಕ್ಕಿನ ಚುಕ್ಕೆ ಏಳುತ್ತದೆ. ನನ್ನ ಒಂದು ಬಟ್ಟಲು ಹಾಗೇ ಹೋಯಿತು.

— ನಮ್ಮದು ಚನ್ನಪಟ್ಟಣದ ಕಡೆ. ಬೊಂಬೆ ಕೆಲಸದಲ್ಲಿ ಈ ತಲೆನೋವೇ ಇಲ್ಲ. ಹಾಲೆ ಮರ ಕಡೆದು, ಉಪ್ಪುಕಾಗದ ಹಿಡಿಯುವುದೆಲ್ಲ ಬಣ್ಣಕ್ಕೆ ಮುಂಚೆಯೇ ಮುಗಿಯುತ್ತದೆ. ಆಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ತಾಳೆ ಗರಿ ಹಿಡಿದರೆ ಸಮನಾಗಿ ಹರಡಿ ಹೊಳಪು ಬರುತ್ತದೆ. ಬುಗುರಿಗೆ ಪಿಯು ಯಾಕೆ ಸ್ವಾಮಿ?

— (ಕೇಳಿದವನೇ) ಹಳೆ ಪೇಪರ್ ತಿರುಗಿಸಿ ನೋಡಿದೆ. ಮೈತುಂಬ ಉಂಡೆಗಳೇ. ಭರಣಿಯನ್ನು ಅಟ್ಟದ ಮೇಲೆ ಇಟ್ಟಿದ್ದೇನೆ, ಭಾನುವಾರದವರೆಗೆ ಮುಟ್ಟುವುದಿಲ್ಲ. ಬುಗುರಿಗೆ ಅರಗು ಹಿಡಿದು ನೋಡುವ ಆಸೆ ಬಂದಿದೆ. ಆ ತಾಳೆ ಗರಿ ಹಸಿಯದಾ, ಒಣಗಿದ್ದಾ?