ಮಗುವಿನ ಒಂದು ಬೀಜ ಇಳಿದಿಲ್ಲ, ತಾಯಿಯನ್ನು ದೂರುತ್ತಿದ್ದಾರೆ: ಅನುಭವವಿದ್ದವರು ಹೇಳಿ

ಮಳವಳ್ಳಿಯಿಂದ ಪ್ರಶ್ನೆ:
ನನ್ನ ತಂಗಿಗೆ 34ನೇ ವಾರದಲ್ಲೇ ಗಂಡು ಮಗುವಾಯಿತು. ತೂಕ 1.9 ಕೆ.ಜಿ. ಬಲಗಡೆಯ ವೃಷಣ ಚೀಲಕ್ಕೆ ಇಳಿದಿಲ್ಲ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದಾರೆ. ಗ್ರಹಣದ ದಿನ ಹೊರಗೆ ಬಂದದ್ದಕ್ಕೆ, ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದ್ದಕ್ಕೆ ಹೀಗಾಯಿತು ಎಂದು ಅತ್ತೆಯ ಮನೆಯವರು ಅವಳನ್ನು ಅಳಿಸುತ್ತಿದ್ದಾರೆ. ತಾಯಿಯಿಂದ ಹೀಗಾಗುತ್ತದೆಯೇ?

ಮೈಸೂರಿನಿಂದ, ನವಜಾತ ಶಿಶುಗಳ ವಾರ್ಡಿನ ದಾದಿ:
ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಮಾತನ್ನು ನಿಮ್ಮ ತಂಗಿಯ ಅತ್ತೆಗೂ ಓದಿ ಹೇಳಿ. ವೃಷಣಗಳು ಮೊದಲು ರೂಪುಗೊಳ್ಳುವುದು ಮಗುವಿನ ಹೊಟ್ಟೆಯೊಳಗೆ. ಏಳನೇ ತಿಂಗಳಿನಿಂದ ತೊಡೆಸಂದಿನ ದಾರಿಯಲ್ಲಿ ಕೆಳಗಿಳಿದು, ದಿನ ತುಂಬುವ ಹೊತ್ತಿಗೆ ಚೀಲ ಸೇರುತ್ತವೆ. 34ನೇ ವಾರಕ್ಕೆ ಹುಟ್ಟಿದ ಮಗುವಿನಲ್ಲಿ ಆ ಪ್ರಯಾಣ ಮುಗಿದಿರದಿದ್ದರೆ ಆಶ್ಚರ್ಯವೇನು? ದಿನ ತುಂಬಿ ಹುಟ್ಟಿದ ಗಂಡು ಮಕ್ಕಳಲ್ಲಿ 100ಕ್ಕೆ 2ರಿಂದ 4 ಮಂದಿಗೆ ಹೀಗಿರುತ್ತದೆ. ಅವಧಿಗೆ ಮುನ್ನ ಹುಟ್ಟಿದವರಲ್ಲಿ ಸುಮಾರು 30 ಮಂದಿಗೆ.

ಬೇಗ ಹೆರಿಗೆಯಾಗುವುದು, ಕಡಿಮೆ ತೂಕ, ತಂದೆಗೋ ಅಣ್ಣನಿಗೋ ಇದೇ ತೊಂದರೆ ಇದ್ದದ್ದು, ಗರ್ಭಿಣಿಯ ಸಕ್ಕರೆ ಕಾಯಿಲೆ, ಧೂಮಪಾನ: ಅಪಾಯ ಹೆಚ್ಚಿಸುವವು ಮುಖ್ಯವಾಗಿ ಇವು. ನಮ್ಮ ಹಳ್ಳಿಗಳಲ್ಲಿ ಬೀಡಿ ಸೇದುವವರು ಗಂಡಸರು, ಆ ಹೊಗೆ ಕುಡಿಯುವವಳು ಬಸುರಿ. ಕಡ್ಡಿಪುಡಿಯ ಅಭ್ಯಾಸವೂ ಮಗುವಿನ ತೂಕ ಇಳಿಸುತ್ತದೆ. ಹದಿನೆಂಟು ತುಂಬುವ ಮೊದಲೇ ಮದುವೆ, ರಕ್ತಹೀನತೆ, ಬಾಣಂತನ ಮುಗಿಯುತ್ತಿದ್ದಂತೆ ಮತ್ತೊಂದು ಬಸಿರು, ಇವೆಲ್ಲ ಬೇಗ ಹೆರಿಗೆಗೆ ದಾರಿ ಮಾಡಿಕೊಡುತ್ತವೆ. ಇವುಗಳಲ್ಲಿ ಎಷ್ಟು ಆ ಹುಡುಗಿಯ ಕೈಯಲ್ಲಿದ್ದವು ಎಂದು ಮನೆಯ ಹಿರಿಯರು ತಮ್ಮನ್ನೇ ಕೇಳಿಕೊಳ್ಳಲಿ. ಗದ್ದೆಗೆ ಹೊಡೆಯುವ ಕೀಟನಾಶಕದ ಬಗ್ಗೆ ಸಂಶೋಧನೆಗಳು ಒಂದೇ ಮಾತು ಹೇಳಿಲ್ಲ. ಆದರೂ ಔಷಧಿ ಹೊಡೆಯುವ ದಿನ ಬಸುರಿಯನ್ನು ಹೊಲದಿಂದ ದೂರ ಇಡಿ.

ಪಾಂಡವಪುರದಿಂದ ಒಬ್ಬ ತಂದೆ:
ನನ್ನ ಮಗನಿಗೂ ಹೀಗೇ ಇತ್ತು. ‘ದೊಡ್ಡವನಾದರೆ ತಾನಾಗಿ ಇಳಿಯುತ್ತದೆ’ ಎಂದು ಒಂದು ಕ್ಲಿನಿಕ್‌ನಲ್ಲಿ ಹೇಳಿ ಕಳುಹಿಸಿದರು. ಆ ಮಾತು ನಂಬಿ ಕುಳಿತಿದ್ದರಿಂದ ಶಸ್ತ್ರಚಿಕಿತ್ಸೆ ಮೂರನೇ ವರ್ಷಕ್ಕೆ ಹೋಯಿತು. ಆರು ತಿಂಗಳಾದ ಮೇಲೆ ತಾನಾಗಿ ಇಳಿಯುವುದು ಅಪರೂಪ. ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು ಎಂದು ನಂತರ ಮಕ್ಕಳ ಶಸ್ತ್ರಚಿಕಿತ್ಸಕರು ತಿಳಿಸಿದರು. ತಡವಾದಷ್ಟೂ ಮುಂದೆ ಸಂತಾನಶಕ್ತಿ ಕುಗ್ಗುವ, ವೃಷಣದ ಕ್ಯಾನ್ಸರ್ ಬರುವ ಅಪಾಯ ಹೆಚ್ಚಂತೆ. ಶಸ್ತ್ರಚಿಕಿತ್ಸೆಯೇನೋ ಸಣ್ಣದು, ಮರುದಿನವೇ ಮನೆಗೆ ಬಂದೆವು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ನೆರವು ಸಿಗುವುದೇ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

ಮೈಸೂರಿನಿಂದ ಒಬ್ಬ ತಾಯಿ:
ನನ್ನ ಮಗನಿಗೆ ಚಳಿಯಲ್ಲಿ ಮೇಲೆ ಹೋಗುತ್ತಿತ್ತು, ಬಿಸಿನೀರಿನ ಸ್ನಾನದಲ್ಲಿ ಕೆಳಗೆ ಇರುತ್ತಿತ್ತು. ಅದು ಬೇರೆ ಸ್ಥಿತಿ, ಶಸ್ತ್ರಚಿಕಿತ್ಸೆ ಬೇಡ, ವರ್ಷಕ್ಕೊಮ್ಮೆ ತೋರಿಸಿ ಎಂದರು. ಸ್ನಾನ ಮಾಡಿಸುವಾಗ ನೋಡಿ, ಕಂಡದ್ದನ್ನು ವೈದ್ಯರಿಗೆ ಹೇಳಿ.

ಮತ್ತೆ ದಾದಿ:
ಆರು ತಿಂಗಳನ್ನು ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಿ; ಅದು ತಾಯಿ ಕಾರ್ಡಿನಲ್ಲಿ ಇರುತ್ತದೆ. ಲಸಿಕೆಗೆ ಹೋದಾಗಲೆಲ್ಲ ಪರೀಕ್ಷಿಸಲು ಕೇಳಿ. ಸ್ಕ್ಯಾನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಅನುಭವಿ ಕೈ ಸಾಕು. ಎರಡೂ ಕಡೆ ಕೈಗೆ ಸಿಗದಿದ್ದರೆ ಮಾತ್ರ ಆರು ತಿಂಗಳು ಕಾಯಬಾರದು, ಹುಟ್ಟಿದ ಕೂಡಲೇ ತಜ್ಞರಿಗೆ ತೋರಿಸಬೇಕು. ತೊಡೆಸಂದಿನಲ್ಲಿ ಗಟ್ಟಿ ಊತ ಬಂದು ಮಗು ಒಂದೇ ಸಮನೆ ಅತ್ತರೆ, ವಾಂತಿ ಮಾಡಿದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.