ಸಹಾಯ ಬೇಕು: ಅಮ್ಮನ ಭುಜಕ್ಕೆ ಕೊಲಾಜೆನ್ ಪ್ಯಾಚ್ ಹಾಕಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ, ದಾವಣಗೆರೆಯಲ್ಲಿದ್ದಾರೆ. ಎಂಟು ತಿಂಗಳಿಂದ ಬಲ ಭುಜ ನೋವು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಅರ್ಧಕ್ಕೇ ನಿಲ್ಲುತ್ತದೆ. ಎಡಗೈಯಿಂದ ಬಲ ಮೊಣಕೈ ಹಿಡಿದು ಮೇಲೆತ್ತಿಕೊಳ್ಳುತ್ತಾರೆ. ನೋಡೋಕಾಗಲ್ಲ. ಮೂರು ತಿಂಗಳು ಫಿಸಿಯೋಥೆರಪಿ ಮಾಡಿಸಿದರೂ ಜಾಸ್ತಿ ಪ್ರಯೋಜನ ಆಗಲಿಲ್ಲ.

ಎಂಆರ್‌ಐ ನೋಡಿದರೆ ರೊಟೇಟರ್ ಕಫ್ ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಹಿಡಿದಿಡುವ ಪಟ್ಟಿ, ಅರ್ಧಕ್ಕಿಂತ ಜಾಸ್ತಿ ಹರಿದಿದೆ. ಡಾಕ್ಟರು ಅದರ ಮೇಲೆ ಕೊಲಾಜೆನ್ ಪ್ಯಾಚ್ ಕೂರಿಸೋಣ ಎಂದರು. ಅಂಚೆಚೀಟಿಯಷ್ಟು ಅಗಲದ, ಸ್ಪಂಜಿನಂಥ ತೆಳು ಹಾಳೆ. ನಮ್ಮದೇ ಜೀವಕೋಶಗಳು ಅದರೊಳಗೆ ಹೊಕ್ಕು ಹೊಸ ಅಂಗಾಂಶ ಬೆಳೆಸುತ್ತವೆ. ಸುಮಾರು ಆರು ತಿಂಗಳಲ್ಲಿ ಹಾಳೆ ಕರಗಿಹೋಗುತ್ತದೆ. ಮನೆ ಕಟ್ಟುವಾಗ ಸಾರುವೆ ಕಟ್ಟಿ ಆಮೇಲೆ ಬಿಚ್ಚುತ್ತಾರಲ್ವಾ, ಹಾಗೆ.

ಆದರೆ ಅದು ದನದ ಹಿಮ್ಮಡಿಯ ಟೆಂಡನ್‌ನಿಂದ ಮಾಡಿದ್ದು. ಕೇಳಿದಾಗಿನಿಂದ ಅಮ್ಮ ಸುಮ್ಮನಾಗಿಬಿಟ್ಟಿದ್ದಾರೆ. ಅವರಿಗೆ ಒಪ್ಪಿಗೆ ಇಲ್ಲದೆ ನಾನು ಹಾಕಿಸಲ್ಲ. ಮನುಷ್ಯ ದಾನಿಗಳ ಚರ್ಮದಿಂದ ಮಾಡಿದ ಪ್ಯಾಚ್ ಕೂಡ ಇದೆ. ಕರ್ನಾಟಕದಲ್ಲಿ ಯಾರಾದರೂ ಅದನ್ನು ಹಾಕಿಸಿದ್ದೀರಾ? ಖರ್ಚು ಎಷ್ಟಾಯಿತು? ವಿಮೆಯಲ್ಲಿ ಸಿಕ್ಕಿತಾ? ಕೈ ತಲೆಯವರೆಗೆ ಹೋಗಲು ಎಷ್ಟು ತಿಂಗಳು ಹಿಡಿಯಿತು? ಇದೇ ಸಂಕಟ ಪಟ್ಟ ಹಿರಿಯರು ಯಾರಾದರೂ ಇದ್ದರೆ ಅಮ್ಮನ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡುತ್ತೀರಾ?